ಒಂದು ವರ್ಷದ ಲೆಕ್ಕ: ವೇಮುಲವಾಡ ಶಾಸಕರ ಪೌರತ್ವ ಪ್ರಕರಣ

ಪೌರತ್ವಕ್ಕಾಗಿ ಅರ್ಜಿ ಸಲ್ಲಿಸಿದ ದಿನ 2008ರ ಮಾರ್ಚ್ 31. ಅಲ್ಲಿಂದ ಹಿಂದಕ್ಕೆ ಹನ್ನೆರಡು ತಿಂಗಳು ಎಣಿಸಿದರೆ 2007ರ ಏಪ್ರಿಲ್ ಆರಂಭಕ್ಕೆ ಬಂದು ನಿಲ್ಲುತ್ತೇವೆ. ಈ ಅವಧಿಯಲ್ಲಿ, ಮುಂದೆ ವೇಮುಲವಾಡದ ಶಾಸಕರಾದ ಚೆನ್ನಮನೇನಿ ರಮೇಶ್ ಭಾರತದಲ್ಲಿ ವಾಸವಿದ್ದರೇ, ಇಲ್ಲವೇ? ಪ್ರಶ್ನೆ ಇಷ್ಟೇ. ಉತ್ತರ ಅವರ ಪಾಸ್‌ಪೋರ್ಟಿನಲ್ಲಿ ಬಿದ್ದ ಆಗಮನ, ನಿರ್ಗಮನದ ಮುದ್ರೆಗಳಲ್ಲಿತ್ತು. ವಿಮಾನ ನಿಲ್ದಾಣದ ವಲಸೆ ವಿಭಾಗದ ಕಡತದಲ್ಲೂ ಇತ್ತು. ಲೆಕ್ಕ ಬಲ್ಲ ಗುಮಾಸ್ತನೊಬ್ಬ ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮುಗಿಸಬಹುದಾಗಿದ್ದ ಕೆಲಸ. ಅದು ಮುಗಿದದ್ದು 2024ರ ಡಿಸೆಂಬರ್ 9ರಂದು, ತೆಲಂಗಾಣ ಹೈಕೋರ್ಟಿನಲ್ಲಿ. ಅಷ್ಟರೊಳಗೆ ಅರ್ಜಿದಾರರು ಒಂದೇ ಕ್ಷೇತ್ರದಿಂದ ನಾಲ್ಕು ಸಲ ಶಾಸಕರಾಗಿ ಆರಿಸಿಬಂದಿದ್ದರು, ಆ ಕ್ಷೇತ್ರವಿದ್ದ ರಾಜ್ಯವೇ ಎರಡಾಗಿತ್ತು.

ಪೌರತ್ವ ರದ್ದತಿ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಗಡಿ ದಾಟಿ ಬಂದ ಬಡವ, ಅವನ ಕೈಯಲ್ಲಿನ ಹರಿದ ಪಡಿತರ ಚೀಟಿ. ಈ ಪ್ರಕರಣದಲ್ಲಿ ಅದೇನೂ ಇಲ್ಲ. ಇಲ್ಲಿರುವವರು ಓದಿದವರು, ಅನುಕೂಲಸ್ಥರು, ಹೆಸರಾಂತ ಮನೆತನದವರು. ಕಾನೂನು ಹೇಗೆ ಓಡುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡಲು ಇದೇ ಹೆಚ್ಚು ಅನುಕೂಲ. ಕನಿಕರವೂ ಕೋಪವೂ ನಡುವೆ ಬಂದು ಕಣ್ಣು ಮಂಜು ಮಾಡುವುದಿಲ್ಲ.

ಮೊದಲು ಊರಿನ ಮಾತು. ವೇಮುಲವಾಡ ಎಂಬ ಹೆಸರು ಕನ್ನಡಿಗರಿಗೆ ಹೊಸದಾಗಬಾರದು. ಹತ್ತನೆಯ ಶತಮಾನದಲ್ಲಿ ಆದಿಕವಿ ಪಂಪ ಆಸ್ಥಾನಕವಿಯಾಗಿದ್ದದ್ದು ವೇಮುಲವಾಡ ಚಾಲುಕ್ಯರ ಎರಡನೆಯ ಅರಿಕೇಸರಿಯ ಬಳಿ. ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರಿಕ್ಯಾಲ ಶಾಸನ ಸಿಕ್ಕಿರುವುದೂ ಅದೇ ಕರೀಂನಗರ ಸೀಮೆಯಲ್ಲಿ. ಕನ್ನಡ, ತೆಲುಗು, ಸಂಸ್ಕೃತ ಮೂರೂ ಅದೇ ಬಂಡೆಯ ಮೇಲಿವೆ. ಯಾರು ಯಾವ ನಾಡಿನವರು ಎಂಬ ಪ್ರಶ್ನೆಗೆ ಆ ಬಂಡೆ ಕೊಡುವ ಉತ್ತರಕ್ಕೂ ಪೌರತ್ವ ಕಾಯ್ದೆ ಕೊಡುವ ಉತ್ತರಕ್ಕೂ ಬಹಳ ಅಂತರವಿದೆ, ಇರಲಿ. ಇಂದು ಆ ಊರು ರಾಜರಾಜೇಶ್ವರ ದೇವಾಲಯಕ್ಕೆ ಹೆಸರುವಾಸಿ. ಹರಕೆ ಹೊತ್ತವರು ಹೋರಿಯನ್ನು ಹಿಡಿದು ಗುಡಿಗೆ ಪ್ರದಕ್ಷಿಣೆ ಬಂದು ಅದನ್ನು ಅಲ್ಲೇ ಕಟ್ಟಿ ಹೋಗುತ್ತಾರೆ. ಮೊದಲು ಕರೀಂನಗರ ಜಿಲ್ಲೆಯಲ್ಲಿದ್ದ ಊರು 2016ರಲ್ಲಿ ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಸೇರಿತು.

ರಮೇಶ್ ಅವರ ತಂದೆ ರಾಜೇಶ್ವರ ರಾವ್ ಆ ಭಾಗದ ಹಳೆಯ ಕಮ್ಯುನಿಸ್ಟ್ ನಾಯಕರು, ಸಿರಿಸಿಲ್ಲದಿಂದ ಶಾಸಕರಾಗಿದ್ದವರು. ಚಿಕ್ಕಪ್ಪ ವಿದ್ಯಾಸಾಗರ ರಾವ್ ಬಿಜೆಪಿಯವರು, ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾದವರು. ರಮೇಶ್ ಓದಲು ಜರ್ಮನಿಗೆ ಹೋದರು, ಕೃಷಿಗೆ ಸಂಬಂಧಿಸಿದ ಸಂಶೋಧನೆ ಮಾಡಿದರು, ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಅಲ್ಲೇ ಸಂಸಾರ ಹೂಡಿದರು. 1993ರಲ್ಲಿ ಜರ್ಮನಿಯ ಪೌರತ್ವ ಪಡೆದರು. ಭಾರತದ ಕಾನೂನಿನಲ್ಲಿ ಇದರ ಪರಿಣಾಮ ತತ್‌ಕ್ಷಣದ್ದು: ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವನ ಭಾರತೀಯ ಪೌರತ್ವ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತಾನಾಗಿಯೇ ಕಳಚಿಬೀಳುತ್ತದೆ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ, ನೋಟಿಸೂ ಬೇಕಿಲ್ಲ.

ಹೋದದ್ದನ್ನು ಮರಳಿ ಪಡೆಯಲು ಮಾತ್ರ ಅರ್ಜಿ ಬೇಕು. ಇಲ್ಲಿ ಒಂದು ಸಣ್ಣ ತೊಡಕು ಬಿಡಿಸಿಕೊಳ್ಳಬೇಕು. ಹೊರಗಿನವರು ಭಾರತದ ಪ್ರಜೆಯಾಗಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ನಮ್ಮೊಂದಿಗೆ ಯಾವ ನಂಟೂ ಇಲ್ಲದ ವಿದೇಶಿಗೆ 6ನೇ ಸೆಕ್ಷನ್ನಿನ ದೇಶೀಕರಣ; ಅದಕ್ಕೆ ಹತ್ತು ಹನ್ನೆರಡು ವರ್ಷಗಳ ವಾಸ ಬೇಕು. ನಂಟಿರುವವರಿಗೆ, ಅಂದರೆ ಭಾರತೀಯರನ್ನು ಮದುವೆಯಾದವರಿಗೆ, ಭಾರತೀಯ ಮೂಲದವರಿಗೆ, 5ನೇ ಸೆಕ್ಷನ್ನಿನ ನೋಂದಣಿ. ಇದು ತುಸು ಅಗಲವಾದ ಬಾಗಿಲು. ರಮೇಶ್ ಬಂದದ್ದು ಇದರಲ್ಲಿ, 5(1)(ಎಫ್) ಉಪವಿಧಿಯಡಿ. ತಾನಾಗಲಿ ತನ್ನ ತಂದೆ ತಾಯಿಯರಲ್ಲಿ ಒಬ್ಬರಾಗಲಿ ಹಿಂದೆ ಸ್ವತಂತ್ರ ಭಾರತದ ಪ್ರಜೆಯಾಗಿದ್ದು, ಅರ್ಜಿ ಹಾಕುವ ಮುನ್ನಿನ ಒಂದು ವರ್ಷ ಭಾರತದಲ್ಲಿ ವಾಸವಿದ್ದವರು ಈ ಉಪವಿಧಿಯಡಿ ಅರ್ಹರು. ಮೊದಲ ಭಾಗದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಗಂಟು ಬಿದ್ದದ್ದು ‘ಒಂದು ವರ್ಷ’ ಎಂಬಲ್ಲಿ.

‘ವಾಸ’ ಎಂದರೇನು? ಕನ್ನಡದಲ್ಲಿ ನಾವು ಬಿಡಾರ ಹೂಡುವುದಕ್ಕೂ ಒಕ್ಕಲಾಗುವುದಕ್ಕೂ ವ್ಯತ್ಯಾಸ ಮಾಡುತ್ತೇವೆ. ಹದಿನೈದು ದಿನ ಮಗಳ ಮನೆಗೆ ಹೋಗಿ ಬಂದವನನ್ನು ಊರು ಬಿಟ್ಟವನೆಂದು ಯಾರೂ ಅನ್ನುವುದಿಲ್ಲ. ಮೈಸೂರಿನ ನಿವೃತ್ತ ಎಂಜಿನಿಯರ್ ಒಬ್ಬರು ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಊರಿಗೆ ಮರಳಿದ್ದಾರೆ ಎಂದುಕೊಳ್ಳಿ. ಕುವೆಂಪುನಗರದಲ್ಲಿ ಮನೆ ಮಾಡಿದ್ದಾರೆ, ಹಾಲಿನವನಿಗೆ ತಿಂಗಳ ಲೆಕ್ಕ ಬರೆಸಿದ್ದಾರೆ, ಗ್ಯಾಸ್ ಸಂಪರ್ಕ ಪಡೆದಿದ್ದಾರೆ. ಏಳನೆಯ ತಿಂಗಳಲ್ಲಿ ಮೊಮ್ಮಗು ಹುಟ್ಟಿತೆಂದು ಮೂರು ವಾರ ಹೋಗಿ ಬರುತ್ತಾರೆ. ಅವರ ವರ್ಷ ಮುರಿಯಿತೇ? 2008ರಲ್ಲಿದ್ದ ಕಾಯ್ದೆಯ ಅಕ್ಷರ ಹಿಡಿದು ಹೊರಟರೆ ಮುರಿಯಿತು ಎಂದೂ ವಾದಿಸಬಹುದಿತ್ತು, ಇಲ್ಲ ಎಂದೂ ವಾದಿಸಬಹುದಿತ್ತು. 2015ರ ತಿದ್ದುಪಡಿ ಇದಕ್ಕೊಂದು ಉತ್ತರ ಕೊಟ್ಟಿತು: ವಿಶೇಷ ಸಂದರ್ಭಗಳಿದ್ದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಕೇಂದ್ರ ಸರ್ಕಾರ ಹನ್ನೆರಡು ತಿಂಗಳಲ್ಲಿ ಗರಿಷ್ಠ 30 ದಿನಗಳ ಮಟ್ಟಿಗೆ ಸಡಿಲಿಕೆ ಕೊಡಬಹುದು, ಆ ದಿನಗಳು ಬಿಡಿಬಿಡಿಯಾಗಿಯೂ ಇರಬಹುದು. ಮೈಸೂರಿನ ಅಜ್ಜ ಇಂದು ಅರ್ಜಿ ಹಾಕಿದರೆ ಸಡಿಲಿಕೆ ಕೇಳಲು ಅವಕಾಶವಿದೆ. ಆದರೆ ಕೇಳಬೇಕಾದರೆ ಮೊದಲು ಹೋಗಿ ಬಂದದ್ದನ್ನು ಹೇಳಬೇಕು.

ರಮೇಶ್ ಹೇಳಲಿಲ್ಲ ಎಂಬುದೇ ಇಡೀ ಪ್ರಕರಣದ ಬೇರು. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳೊಳಗೆ ಅವರು ವಿದೇಶಕ್ಕೆ ಹೋಗಿಬಂದಿದ್ದರು. ಅರ್ಜಿಯಲ್ಲಿ ಆ ಪ್ರಯಾಣಗಳ ಪ್ರಸ್ತಾಪ ಇರಲಿಲ್ಲ.

ಇಂಥ ಅರ್ಜಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹುಟ್ಟಿ, ರಾಜ್ಯದ ರಾಜಧಾನಿಯನ್ನು ಹಾದು, ದೆಹಲಿಯ ಗೃಹ ಸಚಿವಾಲಯ ತಲುಪುತ್ತದೆ. ದಾರಿಯುದ್ದಕ್ಕೂ ಪರಿಶೀಲನೆ ಎಂಬುದಿದೆ. ಈ ಅರ್ಜಿಯೂ ಆ ದಾರಿಯನ್ನು ಹಾದು 2009ರ ಫೆಬ್ರುವರಿ 3ರಂದು ಮಂಜೂರಾಯಿತು. ಎರಡೇ ತಿಂಗಳಲ್ಲಿ ಆಂಧ್ರಪ್ರದೇಶ ವಿಧಾನಸಭೆಗೆ ಚುನಾವಣೆ. ಸಂವಿಧಾನದ 173ನೇ ವಿಧಿಯ ಪ್ರಕಾರ ಭಾರತದ ಪ್ರಜೆಯಲ್ಲದವರು ಶಾಸಕರಾಗುವಂತಿಲ್ಲ. ಈಗ ಆ ಅಡ್ಡಿ ಇರಲಿಲ್ಲ. ತೆಲುಗು ದೇಶಂ ಅಭ್ಯರ್ಥಿಯಾಗಿ ನಿಂತ ರಮೇಶ್ ವೇಮುಲವಾಡದಿಂದ ಗೆದ್ದರು. ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆತುರ ಎಲ್ಲಿತ್ತು ಎಂಬುದು ಊಹೆಗೆ ನಿಲುಕುತ್ತದೆ. ಇನ್ನೊಂದು ಆರು ತಿಂಗಳು ಊರಲ್ಲಿ ಕಾಲೂರಿ ಕೂತು, ಆಮೇಲೆ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು? ಪೌರತ್ವ ಬಹುಶಃ ಸುಸೂತ್ರವಾಗಿ ಸಿಗುತ್ತಿತ್ತು, ಚುನಾವಣೆ ಮಾತ್ರ ಕೈತಪ್ಪುತ್ತಿತ್ತು. ಇದು ನನ್ನ ಊಹೆ. ಯಾವ ತೀರ್ಪಿನ ಮಾತೂ ಅಲ್ಲ.

ಸೋತ ಅಭ್ಯರ್ಥಿ ಆದಿ ಶ್ರೀನಿವಾಸ್ ಸುಮ್ಮನೆ ಕೂರುವ ಆಸಾಮಿ ಆಗಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಗೃಹ ಸಚಿವಾಲಯಕ್ಕೆ ದೂರು ಕೊಟ್ಟರು: ಈ ಮನುಷ್ಯ ಒಂದು ವರ್ಷ ಇಲ್ಲಿ ವಾಸವಿರಲಿಲ್ಲ, ಸುಳ್ಳು ಹೇಳಿ ಪೌರತ್ವ ಪಡೆದಿದ್ದಾರೆ. 2010ರಲ್ಲಿ ರಮೇಶ್ ತೆಲಂಗಾಣ ಹೋರಾಟದ ಹೆಸರಲ್ಲಿ ರಾಜೀನಾಮೆ ಕೊಟ್ಟು, ತೆಲಂಗಾಣ ರಾಷ್ಟ್ರ ಸಮಿತಿ (ಟಿಆರ್‌ಎಸ್) ಸೇರಿ, ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. ಶ್ರೀನಿವಾಸ್ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹೂಡಿದರು. 2013ರ ಆಗಸ್ಟ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧುಗೊಳಿಸಿತು. ರಮೇಶ್ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. 2014ರಲ್ಲಿ ಹೊಸ ತೆಲಂಗಾಣದ ಮೊದಲ ವಿಧಾನಸಭೆಗೂ ಅವರೇ ಆರಿಸಿಬಂದರು. ತಕರಾರು ಎದ್ದಿದ್ದ ಅವಧಿಯೇ ಮುಗಿದುಹೋದ ಮೇಲೆ, 2016ರ ಆಗಸ್ಟ್‌ನಲ್ಲಿ, ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನು ಅದು ಸೇರಬೇಕಾದಲ್ಲಿಗೆ ಕಳಿಸಿತು: ಪೌರತ್ವ ಸರಿಯೋ ತಪ್ಪೋ ಎಂದು ಕೇಂದ್ರ ಸರ್ಕಾರ ಮೂರು ತಿಂಗಳಲ್ಲಿ ತೀರ್ಮಾನಿಸಲಿ. ದೂರು ಕೊಟ್ಟು ಆಗಲೇ ಏಳು ವರ್ಷ ಕಳೆದಿತ್ತು.

ಕೊಟ್ಟ ಪೌರತ್ವವನ್ನು ಹಿಂದಕ್ಕೆ ಪಡೆಯುವ ವಿಧಾನವನ್ನು 10ನೇ ಸೆಕ್ಷನ್ ಹೇಳುತ್ತದೆ. ಇದು ಎಚ್ಚರಿಕೆಯಿಂದ ಹೆಣೆದ ಸೆಕ್ಷನ್. ಹುಟ್ಟಿನಿಂದ ಪ್ರಜೆಯಾದವರನ್ನು ಇದು ಮುಟ್ಟುವುದಿಲ್ಲ. ನೋಂದಣಿ, ದೇಶೀಕರಣಗಳ ದಾರಿಯಲ್ಲಿ ಬಂದವರಿಗೆ ಅನ್ವಯಿಸುತ್ತದೆ. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ವಂಚನೆ, ಸುಳ್ಳು ನಿರೂಪಣೆ ಅಥವಾ ಮಹತ್ವದ ಸಂಗತಿಯನ್ನು ಮುಚ್ಚಿಟ್ಟು ಪೌರತ್ವ ಪಡೆದದ್ದು. ಸರ್ಕಾರ ಕಾರಣ ಬರೆದು ನೋಟಿಸ್ ಕೊಡಬೇಕು. ನೋಟಿಸ್ ಪಡೆದವರು ಬಯಸಿದರೆ ವಿಚಾರಣಾ ಸಮಿತಿಯನ್ನು ಕೇಳಬಹುದು. ಅದರ ಅಧ್ಯಕ್ಷರು ಕನಿಷ್ಠ ಹತ್ತು ವರ್ಷ ನ್ಯಾಯಾಂಗದ ಹುದ್ದೆಯಲ್ಲಿದ್ದವರಾಗಿರಬೇಕು, ಜೊತೆಗೆ ಇಬ್ಬರು ಸದಸ್ಯರು. ಸರ್ಕಾರ ಸಾಮಾನ್ಯವಾಗಿ ಸಮಿತಿಯ ವರದಿಯಂತೆ ನಡೆಯಬೇಕು. ಇಷ್ಟರ ಮೇಲೆ ಮೂರನೆಯ ಉಪಸೆಕ್ಷನ್ ಇನ್ನೊಂದು ಚಿಲಕ ಹಾಕಿದೆ: ಆ ವ್ಯಕ್ತಿ ಪ್ರಜೆಯಾಗಿ ಮುಂದುವರಿಯುವುದು ಸಾರ್ವಜನಿಕ ಹಿತಕ್ಕೆ ಪೂರಕವಲ್ಲ ಎಂದು ಮನದಟ್ಟಾಗದ ಹೊರತು ಪೌರತ್ವ ಕಿತ್ತುಕೊಳ್ಳುವಂತಿಲ್ಲ. ಈ ಚಿಲಕವನ್ನು ನೆನಪಿನಲ್ಲಿಡಿ. ಮುಂದೆ ಎರಡು ವರ್ಷ ಕತೆ ಇದರ ಸುತ್ತ ಸುತ್ತುತ್ತದೆ.

ಸಮಿತಿ ಕೂತಿತು, ವಲಸೆ ದಾಖಲೆಗಳನ್ನು ನೋಡಿತು, ಒಂದು ವರ್ಷದ ವಾಸ ಇರಲಿಲ್ಲ ಎಂದು ಕಂಡುಕೊಂಡಿತು. 2017ರ ಆಗಸ್ಟ್ 31ರಂದು ಗೃಹ ಸಚಿವಾಲಯ ಪೌರತ್ವ ರದ್ದುಗೊಳಿಸಿತು. ರಮೇಶ್ ಹೈಕೋರ್ಟಿಗೆ ಹೋದರು, ತಡೆ ಸಿಕ್ಕಿತು, ಮರುಪರಿಶೀಲನಾ ಅರ್ಜಿ ಹಾಕುವಂತೆ ಸೂಚನೆ ಬಂತು. ಹಾಕಿದರು. ಡಿಸೆಂಬರ್‌ನಲ್ಲಿ ಸಚಿವಾಲಯ ಅದನ್ನು ತಿರಸ್ಕರಿಸಿತು. ಮತ್ತೆ ಹೈಕೋರ್ಟ್, ಮತ್ತೆ ತಡೆ. ಆ ತಡೆಯ ನೆರಳಲ್ಲೇ 2018ರ ಡಿಸೆಂಬರ್ ಚುನಾವಣೆ ಬಂತು. ರಮೇಶ್ ನಾಲ್ಕನೆಯ ಸಲ ಗೆದ್ದರು. ಎದುರಾಳಿ ಎಂದಿನಂತೆ ಆದಿ ಶ್ರೀನಿವಾಸ್. ನಡುವೆ ಬಿಜೆಪಿಗೆ ಹೋಗಿ ಆಗಲೇ ಕಾಂಗ್ರೆಸ್ಸಿಗೆ ಮರಳಿದ್ದರು. ಇಬ್ಬರೂ ಪಕ್ಷ ಬದಲಿಸಿದರು, ಜಗಳ ಬದಲಾಗಲಿಲ್ಲ.

2019ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟ್ ಕೊಟ್ಟ ತೀರ್ಪು ಹಲವರಿಗೆ ಅಚ್ಚರಿ ತಂದಿತು. ನ್ಯಾಯಾಲಯ ಸಚಿವಾಲಯದ ಎರಡೂ ಆದೇಶಗಳನ್ನು ರದ್ದುಪಡಿಸಿತು. ಆದರೆ ರಮೇಶ್ ಒಂದು ವರ್ಷ ಇಲ್ಲಿದ್ದರು ಎಂದು ಅದರ ಅರ್ಥವಲ್ಲ. ಸಚಿವಾಲಯ ‘ಷರತ್ತು ಪೂರೈಸಿಲ್ಲ, ಸಂಗತಿ ಮುಚ್ಚಿಟ್ಟಿದ್ದಾರೆ’ ಎಂಬಲ್ಲಿಗೆ ನಿಂತುಬಿಟ್ಟಿತ್ತು. ಮೂರನೆಯ ಉಪಸೆಕ್ಷನ್ನಿನ ಚಿಲಕವನ್ನು ತೆಗೆದಿರಲಿಲ್ಲ. ಈ ವ್ಯಕ್ತಿ ಪ್ರಜೆಯಾಗಿ ಮುಂದುವರಿದರೆ ಸಾರ್ವಜನಿಕ ಹಿತಕ್ಕೆ ಧಕ್ಕೆಯೇ ಎಂಬುದನ್ನೂ ಪರಿಶೀಲಿಸಿ ಹೊಸದಾಗಿ ತೀರ್ಮಾನಿಸಿ ಎಂದು ನ್ಯಾಯಾಲಯ ಕಡತವನ್ನು ದೆಹಲಿಗೆ ಮರಳಿಸಿತು.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಯೋಚನೆಗೆ ಹಚ್ಚುವ ಜಾಗ ಇದು. ಷರತ್ತು ಪೂರೈಸದಿರುವುದು ಒಂದು, ಪೂರೈಸಿಲ್ಲ ಎಂಬುದನ್ನು ಮುಚ್ಚಿಡುವುದು ಇನ್ನೊಂದು, ಮುಚ್ಚಿಟ್ಟವನನ್ನು ಹೊರಗೆ ಹಾಕುವುದರಿಂದ ಸಮಾಜಕ್ಕೆ ಒಳಿತಾಗುತ್ತದೆ ಎಂಬುದು ಮತ್ತೊಂದು. ಕಾಯ್ದೆ ಈ ಮೂರನ್ನೂ ಬೇರೆ ಬೇರೆ ಮೆಟ್ಟಿಲುಗಳಾಗಿ ಕಟ್ಟಿದೆ. ಜನರ ಬಾಯಲ್ಲಿ, ಟಿವಿ ಚರ್ಚೆಗಳಲ್ಲಿ ಮೂರೂ ಕಲಸಿಹೋಗುತ್ತವೆ.

ಮೊದಲ ಮೆಟ್ಟಿಲಿನ ಮೇಲಷ್ಟೇ ನಿಂತು ಪೌರತ್ವ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ನೂರು ವರ್ಷ ಹಿಂದಿನ ಅಮೆರಿಕದ ಉದಾಹರಣೆ ಇದೆ, ಬಲಿಪಶುಗಳು ನಮ್ಮವರೇ. ಆಗ ಅಲ್ಲಿ ಪೌರತ್ವ ಪಡೆಯಲು ವಿದೇಶಿ ‘ಬಿಳಿಯ’ನಾಗಿರಬೇಕು ಅಥವಾ ಆಫ್ರಿಕಾ ಮೂಲದವನಾಗಿರಬೇಕು. ಭಾರತೀಯರನ್ನು ಬಿಳಿಯರೆಂದು ಎಣಿಸಿ ಕೆಲವು ನ್ಯಾಯಾಲಯಗಳು ಪೌರತ್ವ ಕೊಟ್ಟಿದ್ದವು. 1923ರ ಫೆಬ್ರುವರಿಯಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ ಎಂದಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ದುಡಿದವರು. ತೀರ್ಪು ಬಂದದ್ದೇ ತಡ, ಆಗಲೇ ಪೌರತ್ವ ಪಡೆದಿದ್ದ ಭಾರತೀಯರ ಮೇಲೆ ಸರ್ಕಾರ ಮೊಕದ್ದಮೆಗಳನ್ನು ಹೂಡತೊಡಗಿತು. ಕಾರಣ: ಅರ್ಹತೆ ಇರಲಿಲ್ಲ, ಹಾಗಾಗಿ ಪಡೆದದ್ದು ಅಕ್ರಮ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೈಬಣ್ಣವನ್ನು ನ್ಯಾಯಾಧೀಶರ ಎದುರು ಮುಚ್ಚಿಡುವುದಾದರೂ ಹೇಗೆ? ಲಾಸ್ ಏಂಜಲೀಸ್‌ನ ವಕೀಲ ಸಖಾರಾಮ್ ಗಣೇಶ್ ಪಂಡಿತ್ ಇದನ್ನೇ ಹಿಡಿದು ಹೋರಾಡಿದರು. 1914ರಲ್ಲಿ ಎಲ್ಲವನ್ನೂ ಕೇಳಿ ತಿಳಿದೇ ನ್ಯಾಯಾಲಯ ಪೌರತ್ವ ಕೊಟ್ಟಿದೆ, ಸರ್ಕಾರ ಆಗ ಮೇಲ್ಮನವಿ ಹೋಗಲಿಲ್ಲ, ಅದನ್ನು ನಂಬಿ ನಾನು ವೃತ್ತಿ, ಮನೆ ಕಟ್ಟಿಕೊಂಡಿದ್ದೇನೆ ಎಂದರು. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 1927ರಲ್ಲಿ ಸರ್ಕಾರದ ಅಹವಾಲನ್ನು ಕೇಳಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಷ್ಟರಲ್ಲಿ ಹಲವರು ಪೌರತ್ವ ಕಳೆದುಕೊಂಡಾಗಿತ್ತು.

ಪಂಡಿತರ ವಾದದ ತಿರುಳು ‘ನಾನು ಹೇಳಿದೆ, ನೀವು ಕೇಳಿ ಕೊಟ್ಟಿರಿ’ ಎಂಬುದು. ವೇಮುಲವಾಡದ ಪ್ರಕರಣದಲ್ಲಿ ಈ ಮಾತು ಆಡಲು ಅವಕಾಶವೇ ಇರಲಿಲ್ಲ. ರಮೇಶ್ ಪರವಾಗಿ ಮಂಡಿತವಾದ ವಾದ ಬೇರೆಯದು: ಅವರು ಭಯೋತ್ಪಾದಕರಲ್ಲ, ಗೂಢಚಾರರಲ್ಲ, ಅಪರಾಧ ಮಾಡಿದವರಲ್ಲ, ಮತ್ತೆ ಮತ್ತೆ ಜನರಿಂದ ಆಯ್ಕೆಯಾದವರು, ಇಂಥವರು ಪ್ರಜೆಯಾಗಿ ಉಳಿದರೆ ಸಾರ್ವಜನಿಕ ಹಿತಕ್ಕೆ ಏನು ಕೇಡು? ಸುಲಭವಾಗಿ ತಳ್ಳಿಹಾಕುವ ವಾದವಲ್ಲ ಇದು. ಒಬ್ಬ ಸಾಮಾನ್ಯ ಪ್ರಾಧ್ಯಾಪಕರು, ಹಳ್ಳಿಯ ಮನೆಗೆ ಮರಳಿ ತೋಟ ಮಾಡಿಕೊಂಡಿರುವವರು, ನಲವತ್ತು ದಿನ ಕಡಿಮೆ ಬಿದ್ದದ್ದನ್ನು ಹೇಳದೆ ಪೌರತ್ವ ಪಡೆದಿದ್ದರೆ, ಹತ್ತು ವರ್ಷದ ಮೇಲೆ ಅವರನ್ನು ವಿದೇಶಿಯರನ್ನಾಗಿಸುವುದು ಅತಿಯಾಯಿತು ಎಂದು ನಾನೂ ಹೇಳುತ್ತಿದ್ದೆ.

ಸಚಿವಾಲಯ 2019ರ ನವೆಂಬರ್ 20ರ ಆದೇಶದಲ್ಲಿ ಈ ವಾದವನ್ನು ತಿರುಗಿಸಿ ಹಿಡಿಯಿತು. ಒಂದು ವರ್ಷ ವಾಸವಿರಲಿಲ್ಲ ಎಂಬುದನ್ನು ಅಂದೇ ತಿಳಿಸಿದ್ದರೆ ಪೌರತ್ವ ಸಿಗುತ್ತಲೇ ಇರಲಿಲ್ಲ. ಸಂಗತಿ ಮುಚ್ಚಿಟ್ಟು ಸರ್ಕಾರದ ದಾರಿ ತಪ್ಪಿಸಲಾಗಿದೆ ಎಂದಿತು. ಜನಪ್ರತಿನಿಧಿ ಎಂಬುದು ಅವರಿಗೆ ರಕ್ಷಣೆಯಾಗಲಿಲ್ಲ, ಹೊರೆಯಾಯಿತು: ಕಾನೂನು ಮಾಡುವ ಸ್ಥಾನದಲ್ಲಿ ಕೂತವರೇ ಸುಳ್ಳು ನಿರೂಪಣೆಯಿಂದ ಆ ಅರ್ಹತೆ ಪಡೆದಿದ್ದರೆ ಅದು ಸಾರ್ವಜನಿಕ ಹಿತಕ್ಕೆ ಪೂರಕವಲ್ಲ ಎಂಬುದು ಆದೇಶದ ತರ್ಕ. ಈ ತರ್ಕ ನನಗೆ ಒಪ್ಪಿಗೆ, ಆದರೆ ಇದನ್ನು ಎಲ್ಲರಿಗೂ ಅನ್ವಯಿಸಲು ಹೊರಟರೆ ಮೂರನೆಯ ಮೆಟ್ಟಿಲು ಇದ್ದೂ ಇಲ್ಲದಂತಾಗುತ್ತದೆ. ಸುಳ್ಳು ಹೇಳಿದ್ದೇ ಸಾರ್ವಜನಿಕ ಹಿತಕ್ಕೆ ಧಕ್ಕೆ ಎನ್ನುವುದಾದರೆ ಪ್ರತ್ಯೇಕ ಉಪಸೆಕ್ಷನ್ ಯಾಕೆ ಬೇಕಿತ್ತು? ಇಲ್ಲಿ ಅದು ಹೊಂದುವುದು ಪಡೆದ ಪೌರತ್ವ ನೇರವಾಗಿ ವಿಧಾನಸಭೆಯ ಕುರ್ಚಿಗೆ ಏಣಿಯಾಯಿತು ಎಂಬ ಕಾರಣದಿಂದ.

ಆದೇಶ ಬಂದ ಎರಡೇ ದಿನದಲ್ಲಿ ಹೈಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಆದರೆ ಇಲ್ಲಿಂದ ಪ್ರಕರಣ ಬೇರೆ ತಿರುವು ಪಡೆಯಿತು. ಅದುವರೆಗೆ ಚರ್ಚೆ ಎಲ್ಲ 2007–08ರ ಸುತ್ತ ಇತ್ತು. ಈಗ ನ್ಯಾಯಾಲಯದ ಮುಂದೆ ಇನ್ನೊಂದು ಪ್ರಶ್ನೆ ನಿಂತಿತು: ರಮೇಶ್ ಜರ್ಮನಿಯ ಪೌರತ್ವವನ್ನು ಬಿಟ್ಟಿದ್ದಾರೆಯೇ? ಅವರು ಜರ್ಮನಿಯ ಪಾಸ್‌ಪೋರ್ಟಿನ ಮೇಲೆಯೇ ಪ್ರಯಾಣ ಮಾಡುತ್ತಿದ್ದಾರೆ ಎಂದು ಕೇಂದ್ರ ಸರ್ಕಾರ ಹೇಳಿತು.

ಈ ಪಾಸ್‌ಪೋರ್ಟನ್ನು ತುಸು ಹತ್ತಿರದಿಂದ ನೋಡಬೇಕು. 5ನೇ ಸೆಕ್ಷನ್ನಿನಡಿ ಅರ್ಜಿ ಹಾಕುವವರು ಮಂಜೂರಾದರೆ ಈಗಿರುವ ವಿದೇಶಿ ಪೌರತ್ವವನ್ನು ತ್ಯಜಿಸುತ್ತೇನೆ ಎಂದು ಬರೆದುಕೊಡಬೇಕು, ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಒಸಿಐ (ಸಾಗರೋತ್ತರ ಭಾರತೀಯ ಪೌರತ್ವ) ಕಾರ್ಡ್ ಹೆಸರಲ್ಲಿ ಪೌರತ್ವ ಎಂದಿದ್ದರೂ ಅದು ದೀರ್ಘಾವಧಿಯ ವೀಸಾ ಇದ್ದಂತೆ, ಅದನ್ನು ಹಿಡಿದು ಮತ ಹಾಕಲಾಗದು, ಚುನಾವಣೆಗೆ ನಿಲ್ಲಲಾಗದು. ಇನ್ನು ಜರ್ಮನಿ. 2024ರ ಜೂನ್‌ವರೆಗೆ ಇದ್ದ ಅಲ್ಲಿನ ಕಾನೂನಿನಲ್ಲಿ, ಮುಂಚಿತವಾಗಿ ಅನುಮತಿ ಪಡೆಯದೆ ತಾನೇ ಅರ್ಜಿ ಹಾಕಿ ಬೇರೆ ದೇಶದ ಪೌರತ್ವ ಪಡೆದ ಜರ್ಮನ್ನನ ಪೌರತ್ವ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತಿತ್ತು, ಹೆಚ್ಚುಕಡಿಮೆ ನಮ್ಮ 9ನೇ ಸೆಕ್ಷನ್ನಿನ ಹಾಗೆ. ಅಂದರೆ ಎರಡೂ ದೇಶಗಳ ಕಾನೂನು ಒಂದೇ ಮಾತು ಹೇಳುತ್ತಿದ್ದವು: ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಹೈದರಾಬಾದಿನಲ್ಲಿ ನಾನು ಭಾರತೀಯ ಎಂದು ಪ್ರಮಾಣ ಮಾಡುವವರು ವಿಮಾನ ನಿಲ್ದಾಣದ ಗಾಜಿನ ಕಿಟಕಿಯೊಳಗೆ ಜರ್ಮನಿಯ ಕೆಂಪು ಪಾಸ್‌ಪೋರ್ಟ್ ಚಾಚುತ್ತಾರೆ ಎಂದರೆ ಎರಡರಲ್ಲಿ ಒಂದು ಕಡೆ ಹೇಳಿದ್ದು ನಿಜವಲ್ಲ. ಒಂದು ವರ್ಷದ ವಾಸಕ್ಕೆ ಸಂಬಂಧಿಸಿದ ಲೆಕ್ಕದಲ್ಲಿ ಸಂದೇಹಕ್ಕೆ, ವ್ಯಾಖ್ಯಾನಕ್ಕೆ ಜಾಗವಿತ್ತು. ಇಲ್ಲಿ ಇರಲಿಲ್ಲ.

ರಮೇಶ್ ತಾವು ಜರ್ಮನ್ ಪ್ರಜೆಯಲ್ಲ ಎಂದು ವಾದಿಸಿದರು. ಹಾಗಿದ್ದರೆ ಜರ್ಮನಿಯ ರಾಯಭಾರ ಕಚೇರಿಯಿಂದ ಒಂದು ದಾಖಲೆ ತಂದು ತೋರಿಸಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ತೋರಿಸಲಿಲ್ಲ. ವಿಚಾರಣೆ ಎಳೆಯಿತು, ನಡುವೆ ಕೋವಿಡ್ ಬಂದು ಹೋಯಿತು, ವಿಧಾನಸಭೆಯ ಅವಧಿಯೂ ಮುಗಿಯಿತು. 2023ರ ಚುನಾವಣೆಗೆ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ.

2024ರ ಡಿಸೆಂಬರ್ 9ರಂದು ನ್ಯಾಯಮೂರ್ತಿ ಬಿ. ವಿಜಯಸೇನ್ ರೆಡ್ಡಿ ಅವರ ಪೀಠ ರಮೇಶ್ ಅರ್ಜಿಯನ್ನು ವಜಾಗೊಳಿಸಿ ಗೃಹ ಸಚಿವಾಲಯದ ಆದೇಶವನ್ನು ಎತ್ತಿಹಿಡಿಯಿತು. ರಮೇಶ್ ಜರ್ಮನ್ ಪ್ರಜೆಯಾಗಿಯೇ ಮುಂದುವರಿದಿದ್ದರು, ಅದನ್ನು ಮರೆಮಾಚಿ ನ್ಯಾಯಾಲಯದ ದಾರಿ ತಪ್ಪಿಸಿದರು ಎಂದು ಹೇಳಿ 30 ಲಕ್ಷ ರೂಪಾಯಿ ವೆಚ್ಚ ವಿಧಿಸಿತು: 25 ಲಕ್ಷ ಆದಿ ಶ್ರೀನಿವಾಸ್ ಅವರಿಗೆ, 5 ಲಕ್ಷ ಕಾನೂನು ಸೇವಾ ಸಂಸ್ಥೆಗೆ. ಪತ್ರಿಕೆಗಳು ಇದನ್ನು ದಂಡ ಎಂದು ಬರೆದವು. ಕಾನೂನಿನ ಭಾಷೆಯಲ್ಲಿ ಅದು ದಾವೆಯ ವೆಚ್ಚ, ಎದುರಾಳಿ ಹದಿನೈದು ವರ್ಷ ಕೋರ್ಟು ಕಚೇರಿ ಅಲೆದದ್ದಕ್ಕೆ ಕೊಟ್ಟ ಪರಿಹಾರ ಎಂದುಕೊಂಡರೂ ತಪ್ಪಿಲ್ಲ.

ತೀರ್ಪು ಬಂದ ಮೇಲೆ ಹಲವರು ಕೇಳಿದ ಪ್ರಶ್ನೆ: ಹಾಗಾದರೆ ಇಷ್ಟು ವರ್ಷ ಆ ಶಾಸಕರು ಕೈಯೆತ್ತಿ ಮತ ಹಾಕಿದ ಮಸೂದೆಗಳ ಗತಿ ಏನು? ಸಂವಿಧಾನ ಬರೆದವರು ಇದನ್ನೂ ಯೋಚಿಸಿದ್ದರು. ಅರ್ಹತೆ ಇಲ್ಲದವರೊಬ್ಬರು ಕೂತಿದ್ದರು, ಮತ ಹಾಕಿದ್ದರು ಎಂದು ಆಮೇಲೆ ಗೊತ್ತಾದರೂ ಸದನದ ನಡಾವಳಿ ಊರ್ಜಿತ ಎಂದು 189ನೇ ವಿಧಿ ಹೇಳುತ್ತದೆ. ಹಾಗಿಲ್ಲದಿದ್ದರೆ ಒಬ್ಬರ ಪಾಸ್‌ಪೋರ್ಟಿನಿಂದ ರಾಜ್ಯದ ಬಜೆಟ್ಟೇ ಅಲ್ಲಾಡಬೇಕಾಗುತ್ತಿತ್ತು. ಅದರ ಮುಂದೆಯೇ 193ನೇ ವಿಧಿ ಇದೆ, ಯಾರೂ ಅಷ್ಟಾಗಿ ತೆರೆದು ನೋಡದ್ದು. ತನಗೆ ಅರ್ಹತೆ ಇಲ್ಲವೆಂದು ಗೊತ್ತಿದ್ದೂ ಸದನದಲ್ಲಿ ಕೂತವರು ಅಥವಾ ಮತ ಹಾಕಿದವರು ದಿನವೊಂದಕ್ಕೆ 500 ರೂಪಾಯಿಯಂತೆ ರಾಜ್ಯಕ್ಕೆ ಬಾಕಿದಾರರಾಗುತ್ತಾರೆ. ಅದನ್ನು ಸಾಲ ವಸೂಲು ಮಾಡಿದಂತೆ ವಸೂಲು ಮಾಡಬಹುದು. ಸಂವಿಧಾನ ಜಾರಿಗೆ ಬಂದ ಕಾಲದಲ್ಲಿ 500 ರೂಪಾಯಿ ಎಂದರೆ ದೊಡ್ಡ ಗಂಟು. ಈಗ ಅದು ಹೈದರಾಬಾದಿನಲ್ಲಿ ಇಬ್ಬರ ಬಿರಿಯಾನಿ ಊಟಕ್ಕೂ ಸಾಲದು, ಮೊತ್ತವನ್ನು ಯಾರೂ ತಿದ್ದಿಲ್ಲ. ಪೌರತ್ವ ಕಾಯ್ದೆಯ 17ನೇ ಸೆಕ್ಷನ್ ತುಸು ಬಿಗಿ: ತಿಳಿದೂ ಸುಳ್ಳು ಮಾಹಿತಿ ಕೊಟ್ಟು ಪೌರತ್ವ ಪಡೆಯಲು ಯತ್ನಿಸಿದರೆ ಐದು ವರ್ಷದವರೆಗೆ ಸೆರೆ, 50 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮತದಾರರಿಗೆ ಇದರಲ್ಲಿ ಏನು ಸಿಕ್ಕಿತು ಎಂದು ಕೇಳಿದರೆ ಹೇಳುವುದು ಕಷ್ಟ. ವೇಮುಲವಾಡದವರಿಗೆ ತಮ್ಮ ಶಾಸಕರ ಮೇಲೆ ಕೇಸಿದೆ ಎಂಬುದು 2010ರಿಂದಲೇ ಗೊತ್ತಿತ್ತು. ಗೊತ್ತಿದ್ದೂ ಆಮೇಲೆ ಎರಡು ಸಲ ಗೆಲ್ಲಿಸಿದರು. ‘ರಾಜೇಶ್ವರ ರಾವ್ ಮಗ ವಿದೇಶಿಯೇ?’ ಎಂದು ಯಾರಾದರೂ ಕೇಳಿದ್ದರೆ ಅವರು ನಕ್ಕಿರಬಹುದು. ಆ ನಗುವಿನಲ್ಲೂ ಒಂದು ನ್ಯಾಯವಿದೆ. ಊರು ಮನುಷ್ಯನನ್ನು ಗುರುತಿಸುವ ಬಗೆ ಬೇರೆ, ಕಾಯ್ದೆ ಗುರುತಿಸುವ ಬಗೆ ಬೇರೆ. ಆದರೆ ತಡೆಯಾಜ್ಞೆಯ ಮೇಲೆ ತಡೆಯಾಜ್ಞೆ ಇಟ್ಟು ಒಂದೊಂದೇ ಅವಧಿಯನ್ನು ದಾಟಿಸಿದ ರೀತಿಯನ್ನು ಊರಿನ ನಂಟಿನ ಹೆಸರಲ್ಲಿ ಸಮರ್ಥಿಸಲಾಗದು. 2013ರಲ್ಲೇ ಒಂದು ನ್ಯಾಯಾಲಯ ಆಯ್ಕೆ ಅಸಿಂಧು ಎಂದಿತ್ತು. ಆಮೇಲೆ ಹನ್ನೊಂದು ವರ್ಷ ಆ ಮಾತು ಜಾರಿಗೆ ಬರಲಿಲ್ಲ.

ತೀರ್ಪು ಓದಿದ ದಿನ ವೇಮುಲವಾಡದ ಶಾಸಕರು ಆದಿ ಶ್ರೀನಿವಾಸ್. 2023ರ ಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ನಿಂತು 14 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಎದುರಿಗೆ ಆ ಸಲ ರಮೇಶ್ ಇರಲಿಲ್ಲ.